ಜೆಸಿಬಿಗೂ ಮೊದಲು ವಾಲ್ವ್ ಸಿಬ್ಬಂದಿಯನ್ನು ಕರೆಯಿರಿ

ವಿಶ್ವವಿದ್ಯಾಲಯದ ಆವರಣದಲ್ಲಿ ಹೊಸ ಕಟ್ಟಡ ಏಳುವಾಗ ಜನರ ಸಿಟ್ಟೆಲ್ಲ ಮುಚ್ಚಿದ ರಸ್ತೆಯ ಮೇಲೆ. ಕಾಮಗಾರಿ ನೋಡಿಕೊಳ್ಳುವ ನಮ್ಮಂಥ ಎಂಜಿನಿಯರ್‌ಗಳ ಭಯವಿರುವುದು ಆ ರಸ್ತೆಯ ಅಡಿಯಲ್ಲಿ. ಬೆಂಗಳೂರಿನ ಹಳೆಯ ಆವರಣಗಳಲ್ಲಿ ನಕಾಶೆಯಲ್ಲಿ ನೇರವಾಗಿ ಕಾಣುವ ಕೊಳವೆ ನೆಲದೊಳಗೆ ಬಂಡೆಯನ್ನೋ ಮರದ ಬುಡವನ್ನೋ ಬಳಸಿಕೊಂಡು ಹೋಗಿರುತ್ತದೆ. ಆ ತಿರುವು ಗೊತ್ತಿರುವುದು ದಿನವೂ ವಾಲ್ವ್ ತಿರುಗಿಸುವ ಸಿಬ್ಬಂದಿಗೆ. ಕಾಮಗಾರಿ ಸಭೆಗೆ ಕರೆಯದೆ ಬಿಡುವುದೂ ಅವರನ್ನೇ.

11 ಕಿಲೋವೋಲ್ಟ್ ವಿದ್ಯುತ್ ಕೇಬಲ್ ಸುಮಾರು 90 ಸೆಂಟಿಮೀಟರ್ ಆಳದಲ್ಲಿರಬೇಕು ಎನ್ನುತ್ತದೆ ಭಾರತೀಯ ಮಾನಕ. ಕೇಬಲ್ ಹೂಳಿದ ಮೇಲೆ ಯಾರೋ ರಸ್ತೆ ತಗ್ಗಿಸಿರುತ್ತಾರೆ, ಇನ್ಯಾರೋ ಪಾದಚಾರಿ ಮಾರ್ಗ ಮಾಡಲು ಮಣ್ಣು ತೆಗೆದಿರುತ್ತಾರೆ. ಆಳ ಅರ್ಧಕ್ಕೆ ಇಳಿದಿದ್ದರೂ ಆಶ್ಚರ್ಯವಿಲ್ಲ. ಹಾಗಾಗಿ ಮೊದಲು ಗುದ್ದಲಿ ಹಿಡಿದು ಅಡ್ಡಲಾಗಿ ಪರೀಕ್ಷಾ ಗುಂಡಿ ತೋಡಬೇಕು. ಒಂದು ದಿನ ತಡವಾಗುತ್ತದೆ ಎಂದು ಗುತ್ತಿಗೆದಾರರು ಗೊಣಗುತ್ತಾರೆ. ಗೊಣಗಲಿ.

ನೀರಿನ ವಿಷಯ ಇನ್ನೂ ಸೂಕ್ಷ್ಮ. ಪೂರೈಕೆ ನಿಲ್ಲಿಸಿದಾಗ ಕೊಳವೆಯ ಒತ್ತಡ ಕುಸಿಯುತ್ತದೆ. ಎಲ್ಲಾದರೂ ಸಣ್ಣ ಬಿರುಕಿದ್ದು, ಸುತ್ತಲಿನ ಮಣ್ಣಿನಲ್ಲಿ ಒಳಚರಂಡಿಯ ನೀರು ನಿಂತಿದ್ದರೆ ಕೊಳವೆ ಅದನ್ನು ಒಳಕ್ಕೆ ಎಳೆದುಕೊಳ್ಳುತ್ತದೆ. ನಲ್ಲಿ ಮತ್ತೆ ಬಂದಿತೆಂದು ಹಾಸ್ಟೆಲ್‌ನವರು ಸಂಭ್ರಮಿಸುವ ಆ ಮೊದಲ ನೀರೇ ಅನುಮಾನಾಸ್ಪದ. ಅದನ್ನು ತೊಟ್ಟಿಗೆ ಬಿಡದೆ ಹೊರಕ್ಕೆ ಹರಿಸಿ, ತುದಿಯ ನಲ್ಲಿಯಲ್ಲಿ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಕ್ಲೋರಿನ್ ಉಳಿದಿದೆಯೇ ಎಂದು ನೋಡಿದ ಮೇಲೆಯೇ ಅಡುಗೆಮನೆಗೆ ಕೊಡಬೇಕು. ನೂರು ಕಿಲೋಮೀಟರ್ ದೂರದಿಂದ ಪಂಪ್ ಮಾಡಿ ತಂದ ಕಾವೇರಿಯನ್ನು ಚರಂಡಿಗೆ ಬಿಡಲು ಹೊಟ್ಟೆ ಉರಿಯುತ್ತದೆ, ನಿಜ. ಗಿಡಗಳಿಗೆ ಹಾಯಿಸಿ.

ವಿದ್ಯುತ್ ಕಡಿತದ ಸೂಚನೆ ಕುಲಸಚಿವರ ಕಚೇರಿಗೆ ಹೋದರೆ ಸಾಲದು. ಮೈನಸ್ 80 ಡಿಗ್ರಿಯ ಫ್ರೀಜರ್‌ನಲ್ಲಿ ವರ್ಷಗಳ ಮಾದರಿ ಇಟ್ಟ ಸಂಶೋಧನಾ ವಿದ್ಯಾರ್ಥಿಗೆ ಅದು ತಲುಪಬೇಕು. ‘ತಾತ್ಕಾಲಿಕ ವ್ಯತ್ಯಯ’ ಎಂಬ ಸೂಚನೆಯಿಂದ ಯಾರಿಗೂ ಉಪಯೋಗವಿಲ್ಲ. ಯಾವ ಕಟ್ಟಡ, ಎಷ್ಟು ಗಂಟೆಯಿಂದ ಎಷ್ಟು ಗಂಟೆಯವರೆಗೆ, ಯಾರಿಗೆ ಫೋನ್ ಮಾಡಬೇಕು ಎಂಬುದು ಕನ್ನಡದಲ್ಲಿ ದಪ್ಪಕ್ಷರದಲ್ಲಿರಲಿ.

ಸಂಚಾರಕ್ಕೆ ಒಂದೇ ಮಾತು: ರಸ್ತೆಯನ್ನು ಅರ್ಧರ್ಧವಾಗಿ ಅಗೆಯಿರಿ. ಬೆಂಗಳೂರು ವಿಶ್ವವಿದ್ಯಾಲಯದ ಜ್ಞಾನಭಾರತಿಯಂಥ ಆವರಣದ ರಸ್ತೆಗಳಲ್ಲಿ ವಿದ್ಯಾರ್ಥಿಗಳಷ್ಟೇ ಅಲ್ಲ, ಊರಿನ ವಾಹನಗಳೂ ಓಡುತ್ತವೆ. ಪೂರ್ತಿ ಮುಚ್ಚಿದರೆ ಆಂಬುಲೆನ್ಸ್‌ಗೂ ದಾರಿಯಿರುವುದಿಲ್ಲ.

ಅಗೆದದ್ದನ್ನು ಮುಚ್ಚುವಾಗ ಮಾತ್ರ ಎಲ್ಲರಿಗೂ ಅವಸರ. ಮಣ್ಣನ್ನು ಗೇಣುದ್ದಕ್ಕಿಂತ ದಪ್ಪ ಪದರವಾಗಿ ಸುರಿದರೆ ಅದು ಗಟ್ಟಿಯಾಗುವುದಿಲ್ಲ. ಮೇಲೆ ಡಾಂಬರು ಬಿದ್ದ ಮೇಲೆ ಯಾರಿಗೂ ಕಾಣುವುದೂ ಇಲ್ಲ. ಬೆಂಗಳೂರಿನಲ್ಲಿ ಸೆಪ್ಟೆಂಬರ್ ಮಳೆ ಜೋರು. ಕಳಪೆ ಕೆಲಸ ಕುಸಿಯುವುದು ಆಗಲೇ. ಗುತ್ತಿಗೆದಾರರ ಠೇವಣಿಯನ್ನು ಅಕ್ಟೋಬರ್ ಕಳೆಯುವವರೆಗೆ ಹಿಡಿದಿಡುವ ಷರತ್ತನ್ನು ಟೆಂಡರ್‌ನಲ್ಲೇ ಬರೆದುಬಿಡಿ.