ಮಾವಿನ ಬುಡದಲ್ಲಿ ಹುಡಿ ಉದುರಿದ್ದರೆ

ಹಿತ್ತಲಿನ ಮಾವಿನ ಮರದಲ್ಲಿ ಒಂದೇ ಕೊಂಬೆಯ ಎಲೆಗಳು ಹಳದಿಯಾಗಿ ಉದುರತೊಡಗಿದರೆ, ಗೊಬ್ಬರ ಸಾಲದೆಂದು ಹೆಚ್ಚಿನವರು ಭಾವಿಸುತ್ತಾರೆ. ನಾನು ಮೊದಲು ನೋಡುವುದು ಬುಡವನ್ನು. ತೊಗಟೆಯ ಬಿರುಕಿನಿಂದ ಗರಗಸದ ಹುಡಿಯಂತಹ ಹಿಕ್ಕೆ ಉದುರಿ, ಪಕ್ಕದಲ್ಲಿ ಕಂದು ಅಂಟು ಇಳಿದಿದ್ದರೆ ಅದು ಕಾಂಡಕೊರಕದ ಕೆಲಸ. ಮಳೆಗಾಲದ ಆರಂಭದಲ್ಲಿ ಹೊರಬರುವ, ಸುಮಾರು 5 ಸೆಂ.ಮೀ. ಉದ್ದದ ಬೂದುಬಣ್ಣದ ದುಂಬಿ ತೊಗಟೆಯಲ್ಲಿ ಮೊಟ್ಟೆಯಿಡುತ್ತದೆ. ಅದರ ಹುಳು ತಿಂಗಳುಗಟ್ಟಲೆ ಕಾಂಡವನ್ನು ಒಳಗಿಂದಲೇ ತಿನ್ನುತ್ತದೆ.

ಹಿಕ್ಕೆಯನ್ನು ಗುಡಿಸಿಬಿಟ್ಟು ಮರುದಿನ ಬೆಳಿಗ್ಗೆ ನೋಡಿ. ತೇವವಾದ, ತಿಳಿಬಣ್ಣದ ಹುಡಿ ಮತ್ತೆ ಬಿದ್ದಿದ್ದರೆ ಹುಳು ಒಳಗೇ ಇದೆ. ತುದಿಯನ್ನು ಕೊಕ್ಕೆಯಂತೆ ಬಗ್ಗಿಸಿದ ಸೈಕಲ್ ಕಡ್ಡಿಯನ್ನು ರಂಧ್ರದೊಳಗೆ ತೂರಿಸಿ ತಿರುವಿ ಎಳೆದಾಗ, ತುದಿ ಹಸಿಯಾಗಿ ಬಂದರೆ ಹುಳುವಿಗೆ ತಾಗಿದೆ ಎಂದರ್ಥ. ಬಳಿಕ ರಂಧ್ರವನ್ನು ಹಸಿ ಜೇಡಿಮಣ್ಣಿನಿಂದ ಮುಚ್ಚಬೇಕು. ಹಳೆಯ ಕೈಪಿಡಿಗಳು ಡೈಕ್ಲೋರ್ವಾಸ್ ಅದ್ದಿದ ಹತ್ತಿಯನ್ನು ತುರುಕಲು ಹೇಳುತ್ತವೆ. ಆ ಕೀಟನಾಶಕದ ಬಳಕೆ 2020ರ ಅಂತ್ಯದಿಂದ ನಮ್ಮ ದೇಶದಲ್ಲಿ ನಿಷಿದ್ಧ, ಅಂಗಡಿಯವರು ಹಳೆಯ ಬಾಟಲಿ ತೋರಿಸಿದರೂ ಬೇಡ. ಸತ್ತ ತೊಗಟೆಯನ್ನು ಹಸಿರು ಅಂಚು ಸಿಗುವವರೆಗೆ ಕೆತ್ತಿ ಬೋರ್ಡೋ ಮುಲಾಮು ಬಳಿಯಿರಿ: ತಲಾ 100 ಗ್ರಾಂ ಮೈಲುತುತ್ತ ಮತ್ತು ಸುಣ್ಣವನ್ನು ಅರ್ಧರ್ಧ ಲೀಟರ್ ನೀರಿನಲ್ಲಿ ಬೇರೆ ಬೇರೆಯಾಗಿ ಪ್ಲಾಸ್ಟಿಕ್ ಪಾತ್ರೆಯಲ್ಲೇ ಕರಗಿಸಿ ಕೂಡಿಸಬೇಕು.

ಇಷ್ಟಕ್ಕೆ ಕೆಲಸ ಮುಗಿಯಿತೆಂದು ತಿಳಿಯುವುದೇ ತಪ್ಪು. ಮರದ ಗಾಯ ನಮ್ಮ ಚರ್ಮದಂತೆ ಒಳಗಿನಿಂದ ತುಂಬಿಬರುವುದಿಲ್ಲ. ಕೆಟ್ಟ ಭಾಗವನ್ನು ಹಾಗೆಯೇ ಬಿಟ್ಟು ಅಂಚಿನ ಹೊಸ ತೊಗಟೆ ತುಟಿಯಂತೆ ಉಬ್ಬಿ ವರ್ಷಗಟ್ಟಲೆ ಅದರ ಮೇಲೆ ಹಬ್ಬುತ್ತದೆ. ಒಂದು ಮನೆಯಲ್ಲಿ ಪೊಟರೆಗೆ ಸಿಮೆಂಟ್ ತುಂಬಿಸಿದ್ದರು. ಗಾಳಿಗೆ ಮರ ತೂಗಿದಂತೆ ಸಿಮೆಂಟಿನ ಸುತ್ತ ಬಿರುಕಾಗಿ, ನೀರು ನಿಂತು, ಒಳಮರ ಮೆತ್ತಗಾಗಿತ್ತು. ಹೊಸ ತೊಗಟೆಗೆ ಬೇಕಾದ ಆಹಾರ ಎಲೆಯಿಂದ ಬರುವುದರಿಂದ ಒಣಗಿದ ಕೊಂಬೆಗಳನ್ನಷ್ಟೇ ಕತ್ತರಿಸಿ, ಹಸಿರನ್ನು ಮುಟ್ಟಬೇಡಿ. ಬೇಸಿಗೆಯಲ್ಲಿ ನೀರನ್ನು ಬುಡಕ್ಕಲ್ಲ, ಕೊಂಬೆಗಳ ನೆರಳಿನ ಅಂಚಿಗೆ, ವಾರಕ್ಕೊಮ್ಮೆ ಆಳವಾಗಿ ಇಳಿಯುವಂತೆ ಕೊಡಿ. ತರಗೆಲೆಯ ಹೊದಿಕೆ ಇರಲಿ, ಆದರೆ ಅದು ಕಾಂಡಕ್ಕೆ ತಾಗದಿರಲಿ. ಆ ವರ್ಷ ಯೂರಿಯಾ ಬೇಡ. ಹೂವು ಬಂದರೂ ಹೆಚ್ಚಿನದನ್ನು ಉದುರಿಸುವುದು ಒಳ್ಳೆಯದು, ಮನೆಯವರು ಒಪ್ಪುವುದು ಕಷ್ಟವೆಂದು ಬಲ್ಲೆ.

ತೊಗಟೆ ಕಾಂಡದ ಸುತ್ತಲೂ ಸತ್ತಿದ್ದರೆ ಮಾತ್ರ ಮರ ಉಳಿಯದು. ಅಂತಹ ಮರವನ್ನು ಕಡಿದಾಗ ಸೌದೆಯನ್ನು ಹಿತ್ತಲಲ್ಲಿ ಒಟ್ಟದೆ ಮಳೆಗಾಲಕ್ಕೆ ಮುನ್ನವೇ ಉರಿಸಿ ಮುಗಿಸಿ. ಒಳಗಿನ ಹುಳು ಅಲ್ಲಿಂದಲೇ ದುಂಬಿಯಾಗಿ ಪಕ್ಕದ ಮರಕ್ಕೆ ಹಾರಬಲ್ಲದು.