ಬಿಸ್ಕತ್ತು ಮೂಸದ ನಾಯಿ

"ಡಾಕ್ಟ್ರೇ, ಮನೇಲಿ ತುಂಬಾ ಸಾಧು. ಇಲ್ಲಿಗೆ ಬಂದ್ರೆ ಮಾತ್ರ ಹೀಗಾಡುತ್ತೆ." ನಮ್ಮ ಪಶುಚಿಕಿತ್ಸಾಲಯದಲ್ಲಿ ದಿನಕ್ಕೆ ಎರಡು ಸಲವಾದರೂ ಈ ಮಾತು ಕೇಳುತ್ತೇನೆ. ನಾಯಿ ಹಟ ಮಾಡುತ್ತಿಲ್ಲ, ಹೆದರಿದೆ.

ನಾನು ಮೊದಲು ಒಂದು ಬಿಸ್ಕತ್ತು ಕೊಟ್ಟು ನೋಡುತ್ತೇನೆ. ಮನೆಯಲ್ಲಿ ಕೈಯಿಂದ ಕಿತ್ತುಕೊಂಡು ತಿನ್ನುವ ನಾಯಿ ಇಲ್ಲಿ ಮೂಸಿಯೂ ನೋಡದಿದ್ದರೆ ಭಯ ಜಾಸ್ತಿಯಾಗಿದೆ ಅಂತಲೇ ತಿಳಿಯುತ್ತೇನೆ. ಬಾಲ ಹೊಟ್ಟೆಯಡಿ ಸೇರಿರುತ್ತದೆ. ನಿದ್ದೆ ಬರದಿದ್ದರೂ ಆಕಳಿಸುತ್ತದೆ, ಮೂಗು ನೆಕ್ಕಿಕೊಳ್ಳುತ್ತದೆ, ಟೇಬಲ್ ತುಂಬಾ ಕೂದಲು ಉದುರಿಸುತ್ತದೆ. ಆಗ ಮೂರು ಜನ ಸೇರಿ ಅದುಮಿ ಹಿಡಿದರೆ ಇಂಜೆಕ್ಷನ್ ಆಗುತ್ತದೆ, ನಿಜ. ಆದರೆ ಮುಂದಿನ ಸಲ ನಾಯಿ ಗೇಟಿನಲ್ಲೇ ಕೂತುಬಿಡುತ್ತದೆ. ತುರ್ತು ಇಲ್ಲದ ಕೆಲಸವಾದರೆ ನಾನು ಇನ್ನೊಂದು ದಿನ ಬರಹೇಳುತ್ತೇನೆ.

ಅಷ್ಟರಲ್ಲಿ ಮನೆಯಲ್ಲಿ ಅಭ್ಯಾಸ ಮಾಡಿಸಿ. ರಕ್ತ ತೆಗೆಯುವುದು ಸಾಮಾನ್ಯವಾಗಿ ಮುಂಗಾಲಿನಿಂದ. ಹಾಗಾಗಿ ಮುಂಗಾಲು ಮೆಲ್ಲಗೆ ಹಿಡಿಯಿರಿ, ಒಂದು ಚೂರು ಚಿಕನ್ ಕೊಡಿ. ನಾಳೆ ಒದ್ದೆ ಹತ್ತಿಯಿಂದ ಒರೆಸಿ ಚಿಕನ್ ಕೊಡಿ. ನಾಡಿದ್ದು ಸೂಜಿಯ ಬದಲು ಪೆನ್ನಿನ ಕ್ಯಾಪ್ ಒತ್ತಿ ಚಿಕನ್ ಕೊಡಿ. ಮೊದಲು ಮುಟ್ಟಬೇಕು, ಆಮೇಲೆ ತಿಂಡಿ. ತಿಂಡಿ ತೋರಿಸಿ ಹಿಡಿದರೆ ತಿಂಡಿ ಮೇಲೂ ಅನುಮಾನ ಬರುತ್ತದೆ. ಕಾಲು ಎಳೆದುಕೊಂಡರೆ ತಕ್ಷಣ ಬಿಟ್ಟುಬಿಡಿ. ಬೇಡ ಅಂದರೆ ಬಿಡುತ್ತಾರೆ ಅಂತ ಗೊತ್ತಾದ ನಾಯಿಯೇ ಕಾಲು ಕೊಡುವುದು.

ಕಚ್ಚದಿರಲಿ ಅಂತ ಬಾಯಿಗೆ ಬಟ್ಟೆ ಕಟ್ಟುವುದು ನನಗೆ ಇಷ್ಟವಿಲ್ಲ. ನಾಯಿ ಮೈಯ ಬಿಸಿ ಇಳಿಸಿಕೊಳ್ಳುವುದೇ ಬಾಯಿ ತೆರೆದು ಏದುಸಿರು ಬಿಟ್ಟು. ಮೂತಿಗೆ ಹಾಕುವ ಬುಟ್ಟಿಯಂಥ ಮಜ಼ಲ್ ತನ್ನಿ, ಒಳಗೆ ಮೊಸರು ಸವರಿ. ಮೂತಿಯನ್ನು ಅದೇ ತೂರಿಸಲಿ.

ಕೆಲವಕ್ಕೆ ಇಷ್ಟು ಸಾಲದು. ಅಂಥವಕ್ಕೆ ಭಯ ತಗ್ಗಿಸುವ ಗ್ಯಾಬಪೆಂಟಿನ್ ಅಥವಾ ಟ್ರಾಜೊಡೋನ್ ಮಾತ್ರೆಯನ್ನು ಮನೆಯಲ್ಲೇ, ಹೊರಡುವ ಸುಮಾರು 2 ಗಂಟೆ ಮೊದಲು ಕೊಡಿಸುತ್ತೇವೆ. ಡೋಸ್ ಡಾಕ್ಟರೇ ಹೇಳಬೇಕು. ಮಾತ್ರೆ ಬದಲು ಮನುಷ್ಯರ ಸಿರಪ್ ಕೊಡಬೇಡಿ, ಕೆಲವು ಸಿರಪ್‌ಗಳಲ್ಲಿರುವ ಜೈಲಿಟಾಲ್ ಎಂಬ ಸಿಹಿ ನಾಯಿಗೆ ವಿಷ.

ಮುದ್ದು ಮಾಡಿದರೆ ಭಯ ಹೆಚ್ಚುತ್ತೆ ಅಂತಾರಲ್ಲ, ನಂಬಬೇಡಿ. ಪಕ್ಕದಲ್ಲೇ ನಿಂತು ಮಾತಾಡಿಸಿ. ಜಾರುವ ಸ್ಟೀಲ್ ಟೇಬಲ್ ಮೇಲೆ ಹಾಸಲು ಮನೆಯ ಚಾಪೆ ತನ್ನಿ, ಇಲ್ಲಾ ನೆಲದ ಮೇಲೇ ನೋಡಿ ಅಂತ ಕೇಳಿ.

ಉಣ್ಣೆ ಕಚ್ಚಿ ಬರುವ ಟಿಕ್ ಫೀವರ್ ಆಗಿದ್ದ ಕರಿ ನಾಟಿ ನಾಯಿಯೊಂದು ಮೊದಲ ಸಲ ಟೇಬಲ್ ಮೇಲೆಯೇ ಉಚ್ಚೆ ಹೊಯ್ದಿತ್ತು. ಮುಂದಿನ ರಕ್ತ ಪರೀಕ್ಷೆಗೆ ಸಾಕಿದವರು ಮೂರು ವಾರ ಅಭ್ಯಾಸ ಮಾಡಿಸಿಕೊಂಡು ಬಂದರು. ನೆಲದ ಮೇಲೆ, ಅವರ ತೊಡೆಗೆ ಒರಗಿ ಕೂತಿತು. ಸೂಜಿ ತಾಗಿದಾಗ ಒಮ್ಮೆ ತಿರುಗಿ ನೋಡಿತು, ಮತ್ತೆ ಮೊಸರು ನೆಕ್ಕತೊಡಗಿತು.