"ಸಾರ್, ಟೋಲ್ಡಿಮ್ ಅಂದ್ರೆ ಏನು?"

ಇಂಗ್ಲಿಷ್ ತರಗತಿಯಲ್ಲಿ ಒಂದು ಸಣ್ಣ ಆಡಿಯೊ ಹಾಕಿ, ಕೇಳಿಸಿದ್ದನ್ನು ಹಾಗೇ ಬರೆಯಿರಿ ಎಂದಿದ್ದೆ. ಮೂರನೇ ವಾಕ್ಯಕ್ಕೆ ಒಬ್ಬ ಹುಡುಗ ಕೈಯೆತ್ತಿದ. "ಸಾರ್, ಟೋಲ್ಡಿಮ್ ಅಂದ್ರೆ ಏನು?" ಡಿಕ್ಷನರಿಯಲ್ಲೂ ಹುಡುಕಿದ್ದಾನೆ, ಸಿಕ್ಕಿಲ್ಲ. ಬೋರ್ಡಿನ ಮೇಲೆ ಬರೆದೆ: 'ಶಿ ಶುಡ್ ಹ್ಯಾವ್ ಟೋಲ್ಡ್ ಹಿಮ್.' "ಅಯ್ಯೋ, ಇದಾ!" ಅಂದ. ಐದೂ ಪದ ಅವನಿಗೆ ಚಿಕ್ಕಂದಿನಿಂದ ಗೊತ್ತು.

ಗೊತ್ತಿರುವ ಪದ ಯಾಕೆ ಕೇಳಿಸಲಿಲ್ಲ? ಸ್ಪೀಡ್ ಜಾಸ್ತಿ ಎಂದು ಎಲ್ಲರೂ ಹೇಳುತ್ತಾರೆ. ನಿಧಾನ ಮಾಡಿ ಹಾಕಿದೆ. ಆಗಲೂ ಟೋಲ್ಡಿಮ್ಮೇ. ಇಲ್ಲದ ಹಕಾರ ನಿಧಾನ ಮಾಡಿದರೆ ಎಲ್ಲಿಂದ ಬರಬೇಕು? ಒತ್ತಿ ಹೇಳದ ಕಡೆ 'ಹಿಮ್', 'ಹರ್', 'ಹ್ಯಾವ್' ಮಾತಿನ ನಡುವೆ ಹಕಾರ ಕಳಚಿಕೊಂಡು ಹಿಂದಿನ ಪದಕ್ಕೆ ಅಂಟಿಕೊಳ್ಳುತ್ತವೆ. ಹುಡುಗನ ತಲೆಯಲ್ಲಿ 'ಹಿಮ್' ಕೂತಿರುವುದು ಅವನೇ ಹೇಳುವ ರೂಪದಲ್ಲಿ. ಕಿವಿ ಅದನ್ನೇ ಹುಡುಕುತ್ತಿತ್ತು.

ನಾವೂ ಇದನ್ನೇ ಮಾಡ್ತೀವಿ, ಅಲ್ವಾ? ಪುಸ್ತಕ ಓದಿ ಕನ್ನಡ ಕಲಿತವರ ಮುಂದೆ 'ಏನ್ಮಾಡ್ತಿದೀಯ' ಅಂದು ನೋಡಿ. 'ಏನು ಮಾಡುತ್ತಿದ್ದೀಯ' ಎಂದು ಬಾಯಿಪಾಠ ಮಾಡಿದವರು ಕಣ್ಣುಕಣ್ಣು ಬಿಡುತ್ತಾರೆ.

ಇನ್ನೂ ಹೆಚ್ಚು ತೊಂದರೆ ಕೊಡುವುದು 'ಶ್ವಾ' ಎಂಬ ಸ್ವರ. ಬಾಯಿ ಪೂರ್ತಿ ತೆರೆಯದೆ ಬರುವ ಅರೆಬರೆ 'ಅ'. ಇಂಗ್ಲಿಷ್ ಮಾತಿನಲ್ಲಿ ಎಲ್ಲಕ್ಕಿಂತ ಜಾಸ್ತಿ ಬರುವ ಸ್ವರ ಇದೇ. 'ಐ ಕ್ಯಾನ್ ಕಮ್' ಎಂಬಲ್ಲಿ 'ಕ್ಯಾನ್' ಸಾಮಾನ್ಯವಾಗಿ 'ಕನ್' ಆಗಿ ಕುಗ್ಗುತ್ತದೆ. 'ಕ್ಯಾಂಟ್' ಕುಗ್ಗುವುದಿಲ್ಲ. ಆದರೆ ಅಮೆರಿಕದವರ ಬಾಯಲ್ಲಿ ಅದರ ಕೊನೆಯ ಟಕಾರ ಎಷ್ಟೋ ಸಲ ಹೊರಗೇ ಬರುವುದಿಲ್ಲ. ಯಾವಾಗಲೂ 'ಕ್ಯಾನ್' ಎಂದು ಪೂರ್ತಿ ಹೇಳಿ ರೂಢಿಯಾದವರು ಅದನ್ನೂ 'ಕ್ಯಾನ್' ಎಂದೇ ಕೇಳಿಸಿಕೊಂಡು, ಬರಲ್ಲ ಅಂದವರಿಗಾಗಿ ಕಾಯುತ್ತಾ ಕೂರುತ್ತಾರೆ.

ಬಿಡಿ ಅಕ್ಷರಗಳ ಕಾಟವೂ ಇದೆ. ನಮಗೆ 'ವ' ಒಂದೇ. ಇಂಗ್ಲಿಷಿನಲ್ಲಿ ಕೆಳತುಟಿಗೆ ಹಲ್ಲು ತಾಗಿಸುವ 'ವ' ಬೇರೆ, ತುಟಿ ದುಂಡಗೆ ಮಾಡುವ 'ವ' ಬೇರೆ. ನಮ್ಮ ಕಿವಿಗೆ 'ವೆಸ್ಟ್' ಅಂದರೆ ಬನಿಯನ್ನೂ ಹೌದು, ಪಶ್ಚಿಮವೂ ಹೌದು. ಇಂಥ ಕಿವುಡು ಹುಟ್ಟಿನಿಂದ ಬಂದದ್ದಲ್ಲ. 1984ರಲ್ಲಿ ಜಾನೆಟ್ ವರ್ಕರ್ ಮತ್ತು ರಿಚರ್ಡ್ ಟೀಸ್ ಪ್ರಕಟಿಸಿದ ಅಧ್ಯಯನದಲ್ಲಿ, ಇಂಗ್ಲಿಷ್ ಮನೆಗಳ 6-8 ತಿಂಗಳ ಕೂಸುಗಳು ಹಿಂದಿಯ ತ-ಟ ವ್ಯತ್ಯಾಸ ಗುರುತಿಸಿದವು. 10-12 ತಿಂಗಳ ಹೊತ್ತಿಗೆ ಆ ಶಕ್ತಿ ಬಹುಪಾಲು ಹೋಗಿತ್ತು. ಹೋದದ್ದು ಸ್ವಲ್ಪಮಟ್ಟಿಗೆ ವಾಪಸ್ಸೂ ಬರುತ್ತದೆ. ಇಂಗ್ಲಿಷಿನ ರ-ಲ ಕೇಳಿ ಗುರುತಿಸುವ ತರಬೇತಿ ಪಡೆದ ಜಪಾನೀಯರ ಉಚ್ಚಾರಣೆಯೂ ಸುಧಾರಿಸಿದ್ದು 1997ರ ಅಧ್ಯಯನದಲ್ಲಿ ಕಂಡಿದೆ. ಅವರಿಗೆ ಮಾತಾಡುವ ಅಭ್ಯಾಸ ಕೊಟ್ಟಿರಲಿಲ್ಲ, ಬರೀ ಕೇಳಿಸಿದ್ದು.

ನಾನು ತರಗತಿಯಲ್ಲಿ ಇದರ ಉಲ್ಟಾ ದಾರಿಯನ್ನೂ ಹಿಡಿಯುತ್ತೇನೆ. ಮೊದಲು ಬಾಯಿ, ಆಮೇಲೆ ಕಿವಿ. 'ಶುಡವ್‌ಟೋಲ್ಡಿಮ್' ಎಂದು ಒಂದೇ ಉಸಿರಿಗೆ ಹತ್ತು ಸಲ ಹೇಳಿಸಿ, ಆಮೇಲೆ ಆಡಿಯೊ ಹಾಕುತ್ತೇನೆ. ಮಕ್ಕಳು ನಗುತ್ತಾರೆ, ನಗಲಿ. ಸುಮ್ನೆ ಇನ್ನೂ ನಾಲ್ಕು ಸಲ ಕೇಳಿಸುವುದಕ್ಕಿಂತ ಇದು ಬೇಗ ಹತ್ತುತ್ತದೆ ಅನ್ನುವುದು ನನ್ನ ಅನುಭವ.

ಎರಡು ವಾರದ ನಂತರ ಬೇರೆ ಆಡಿಯೊದಲ್ಲಿ 'ಗಿವಿಮ್' ಬಂತು. ಅದನ್ನು ನಾನು ಹೇಳಿಕೊಟ್ಟಿರಲಿಲ್ಲ. "ಸಾರ್, ಇದು ಗಿವ್ ಹಿಮ್ ಅಲ್ವಾ?" ಅದೇ ಹುಡುಗ. ಮಾತಾಡುವಾಗ ಅವನು ಈಗಲೂ 'ಗಿವ್ ಹಿಮ್' ಎಂದು ಬಿಡಿಸಿಯೇ ಹೇಳುತ್ತಾನೆ. ನಾನು ತಿದ್ದಲು ಹೋಗಿಲ್ಲ.